ಡ್ರೈ ಫೈರ್ ಅಭ್ಯಾಸ

ಡ್ರೈ ಫೈರ್ ಅಭ್ಯಾಸ ಅಥವಾ ಖಾಲಿ ಕೋವಿಯ ಅಭ್ಯಾಸ ಎಂಬುದು ತೋಟಾ, ಮದ್ದು ಅಥವಾ ಗುಂಡು ತುಂಬಿರದ ಬಂದೂಕನ್ನು ಹಿಡಿದು, ಗುರಿಯಿಟ್ಟು, ಟ್ರಿಗರ್ ಎಳೆಯುವ ತರಬೇತಿ ಕ್ರಮ. ಸದ್ದು, ಹೊಗೆ ಮತ್ತು ಒದೆತಗಳಿಲ್ಲದೆ ನಿಲುವು, ಹಿಡಿತ, ಉಸಿರಾಟ, ಗುರಿನೋಟ ಹಾಗೂ ಬೆರಳಿನ ಚಲನೆಯನ್ನು ತಿದ್ದಿಕೊಳ್ಳುವುದು ಇದರ ಉದ್ದೇಶ. ಸೇನೆ, ಪೊಲೀಸ್, ಎನ್‌ಸಿಸಿ ಮತ್ತು ಶೂಟಿಂಗ್ ಕ್ರೀಡೆಗಳಲ್ಲಿ ಇದು ತರಬೇತಿಯ ಮೂಲಭಾಗವಾಗಿದೆ. ಮದ್ದುಗುಂಡಿನ ವೆಚ್ಚವಿಲ್ಲದ ಕಾರಣ, ಹಾಗೂ ಫೈರಿಂಗ್ ರೇಂಜಿನ ಅಗತ್ಯವಿಲ್ಲದ ಕಾರಣ, ಇದನ್ನು ಮನೆಯಲ್ಲಿಯೂ ನಡೆಸಲಾಗುತ್ತದೆ. ಬಂದೂಕು ನಿಜವಾಗಿಯೂ ಖಾಲಿಯಾಗಿದೆ ಎಂಬ ಒಂದೇ ಸಂಗತಿಯ ಮೇಲೆ ಇಡೀ ಅಭ್ಯಾಸ ನಿಂತಿರುವುದರಿಂದ, ಆ ಸಂಗತಿಯನ್ನು ಖಚಿತಪಡಿಸಿಕೊಳ್ಳುವ ವಿಧಾನವೇ ಈ ವಿಷಯದ ಅತಿ ಮುಖ್ಯ ಅಂಗವಾಗಿದೆ.

ಕರ್ನಾಟಕದಲ್ಲಿ ಈ ವಿಷಯಕ್ಕೆ ಎರಡು ಬೇರೆ ಬೇರೆ ಮುಖಗಳಿವೆ. ಒಂದು, ನಗರಗಳ ಕ್ರೀಡಾ ಶೂಟರ್‌ಗಳ ಅಭ್ಯಾಸ. ಇನ್ನೊಂದು, ಕೊಡಗು, ಮಲೆನಾಡು ಹಾಗೂ ಉತ್ತರ ಕನ್ನಡದ ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡದಂತಹ ಕಾಡಂಚಿನ ತಾಲ್ಲೂಕುಗಳಲ್ಲಿ ಮನೆಯ ಗೋಡೆಗೆ ಒರಗಿ ನಿಂತಿರುವ ಪರವಾನಗಿ ಕೋವಿ. ಎರಡನೆಯದರ ಬಗ್ಗೆ ಬರವಣಿಗೆ ಕಡಿಮೆ, ಅಪಾಯ ಹೆಚ್ಚು.

ಪದಬಳಕೆ

ಇಂಗ್ಲಿಷಿನ ಡ್ರೈ ಫೈರ್ ಎಂಬುದಕ್ಕೆ ಕನ್ನಡದಲ್ಲಿ ನೆಲೆಗೊಂಡ ಒಂದೇ ಪಾರಿಭಾಷಿಕ ಪದವಿಲ್ಲ. ಕ್ರೀಡಾಪಟುಗಳು ಡ್ರೈ ಪ್ರ್ಯಾಕ್ಟೀಸ್ ಎಂದೇ ಹೇಳುತ್ತಾರೆ. ಬಂದೂಕಿನ ಅಂಗಗಳಿಗೆ ಮಾತ್ರ ಹಳೆಯ ಕನ್ನಡ ಹೆಸರುಗಳು ಬಳಕೆಯಲ್ಲಿವೆ: ಕೊಳವೆಗೆ ನಳಿಗೆ, ಸಿಡಿಮದ್ದಿಗೆ ಮದ್ದು, ಸಣ್ಣ ಸೀಸದ ಕಾಳುಗಳಿಗೆ ಚರೆ, ಮದ್ದನ್ನು ಜಡಿಯುವ ಕಡ್ಡಿಗೆ ಗಜ, ಹಿಂದಕ್ಕೆ ಎಳೆದು ನಿಲ್ಲಿಸುವ ಸುತ್ತಿಗೆಯಂತಹ ಭಾಗಕ್ಕೆ ಕುದುರೆ. ನಳಿಗೆಯ ಬಾಯಿಯಿಂದ ಮದ್ದು ತುಂಬುವ ಬಂದೂಕು ಕೇಪಿನ ಕೋವಿ. ಹಿಂಬದಿ ಮುರಿದು ತೋಟಾ ತೂರಿಸುವಂಥದ್ದು ತೋಟಾ ಕೋವಿ. ಈ ವ್ಯತ್ಯಾಸ ಕೇವಲ ಹೆಸರಿನದಲ್ಲ. ಖಾಲಿ ಅಭ್ಯಾಸದ ಸುರಕ್ಷತೆ ಇದರ ಮೇಲೆಯೇ ನಿರ್ಧಾರವಾಗುತ್ತದೆ.

ಇತಿಹಾಸ

ಬಂದೂಕನ್ನು ಹಾರಿಸದೆ ಅದನ್ನು ಬಳಸುವ ಚಲನೆಗಳನ್ನು ಕಲಿಸುವ ಕವಾಯತು ಬಂದೂಕುಗಳಷ್ಟೇ ಹಳೆಯದು. 20ನೇ ಶತಮಾನದ ಆರಂಭದಲ್ಲಿ ರೈಫಲ್ಲುಗಳ ನಿಖರತೆ ಹೆಚ್ಚಿದಂತೆ, ಗುಂಡಿಲ್ಲದ ಗುರಿ ಅಭ್ಯಾಸಕ್ಕೆಂದೇ ಉಪಕರಣಗಳು ಬಂದವು. ಅಮೆರಿಕದಲ್ಲಿ ಬಳಕೆಗೆ ಬಂದ ಹಾಲಿಫೀಲ್ಡ್ ಡಾಟರ್ ಎಂಬ ಸಾಧನದಲ್ಲಿ ನಳಿಗೆಯೊಳಗೆ ಒಂದು ಸೂಜಿ ಕಡ್ಡಿಯನ್ನು ಇಡಲಾಗುತ್ತಿತ್ತು. ಟ್ರಿಗರ್ ಎಳೆದಾಗ ಅದು ಮುಂದಕ್ಕೆ ಚಿಮ್ಮಿ ಎದುರಿನ ಪುಟ್ಟ ಕಾಗದದ ಗುರಿಗೆ ಚುಚ್ಚುತ್ತಿತ್ತು. ಅಮೆರಿಕದ ಮರೀನ್ ಪಡೆಯಲ್ಲಿ ರೇಂಜಿಗೆ ಹೋಗುವ ಮುನ್ನ ದಿನಗಟ್ಟಲೆ ಖಾಲಿ ರೈಫಲ್ ಹಿಡಿದು ಅಭ್ಯಾಸ ಮಾಡುವ ಕ್ರಮಕ್ಕೆ ಸ್ನ್ಯಾಪಿಂಗ್ ಇನ್ ಎಂಬ ಹೆಸರಿದೆ.

ಭಾರತೀಯ ಸೇನೆ ಮತ್ತು ಎನ್‌ಸಿಸಿಗಳಲ್ಲಿ ಈ ತರಬೇತಿ ಹಿಂದಿ ಆದೇಶಪದಗಳ ಮೂಲಕ ಸಾಗುತ್ತದೆ. ಗುರಿ ಹಿಡಿಯುವುದಕ್ಕೆ ಶಿಸ್ತ್ ಲೇನಾ, ತುಂಬುವುದಕ್ಕೆ ಭರ್, ಬರಿದು ಮಾಡುವುದಕ್ಕೆ ಖಾಲಿ ಕರ್. ಯಾವುದೇ ಪಾಠದ ಮೊದಲಿಗೂ ಕೊನೆಗೂ ಶಸ್ತ್ರವನ್ನು ತಪಾಸಣೆಗೆ ಒಡ್ಡುವುದು ಕಡ್ಡಾಯ. ನಳಿಗೆಯ ಮೂತಿಯ ಬಳಿ ನಾಣ್ಯವೊಂದನ್ನು ಇಟ್ಟು, ಅದು ಬೀಳದಂತೆ ಟ್ರಿಗರ್ ಎಳೆಯಬೇಕೆಂಬ ಪರೀಕ್ಷೆ ಅನೇಕ ಕೆಡೆಟ್‌ಗಳಿಗೆ ಪರಿಚಿತವಾದುದು.

ಅಭ್ಯಾಸದ ತತ್ತ್ವ

ಹೊಸಬರ ಗುರಿ ತಪ್ಪುವುದಕ್ಕೆ ಕಣ್ಣಿಗಿಂತ ಹೆಚ್ಚಾಗಿ ಬೆರಳು ಮತ್ತು ಭಯ ಕಾರಣ. ಬಂದೂಕು ಸಿಡಿಯುವಾಗಿನ ಸದ್ದು ಹಾಗೂ ಒದೆತವನ್ನು ದೇಹ ಒಮ್ಮೆ ಅನುಭವಿಸಿದ ಮೇಲೆ, ಮುಂದಿನ ಸಲ ಅದನ್ನು ನಿರೀಕ್ಷಿಸತೊಡಗುತ್ತದೆ. ಟ್ರಿಗರ್ ಬಿಡುಗಡೆಯಾಗುವ ಕ್ಷಣಕ್ಕೆ ಸರಿಯಾಗಿ ಕಣ್ಣು ಮುಚ್ಚುತ್ತದೆ, ಭುಜ ಮುಂದಕ್ಕೆ ತಳ್ಳುತ್ತದೆ, ಮಣಿಕಟ್ಟು ಕೆಳಗೆ ಬಾಗುತ್ತದೆ. ಇದನ್ನು ಫ್ಲಿಂಚ್ ಎನ್ನುತ್ತಾರೆ. ನಿಜವಾದ ಗುಂಡು ಹಾರಿಸುವಾಗ ಈ ಬೆಚ್ಚುವಿಕೆ ಒದೆತದೊಳಗೆ ಮುಚ್ಚಿಹೋಗುವುದರಿಂದ ಹಾರಿಸಿದವನಿಗೆ ತನ್ನ ತಪ್ಪು ಕಾಣುವುದೇ ಇಲ್ಲ. ಖಾಲಿ ಬಂದೂಕಿನಲ್ಲಿ ಮುಚ್ಚಿಕೊಳ್ಳಲು ಏನೂ ಇರುವುದಿಲ್ಲ: ಟಕ್ ಎಂದಾಗ ನಳಿಗೆಯ ತುದಿಯ ಗುರಿಮೊನೆ ಕದಲಿತೋ ಇಲ್ಲವೋ ಎಂಬುದು ನೇರವಾಗಿ ಕಣ್ಣಿಗೆ ಬೀಳುತ್ತದೆ.

ರೇಂಜಿನಲ್ಲಿ ಇದರ ಮುಂದುವರಿದ ರೂಪವೊಂದು ಬಳಕೆಯಲ್ಲಿದೆ. ತರಬೇತುದಾರನು ಶಿಷ್ಯನಿಗೆ ತಿಳಿಯದಂತೆ ಜೀವಂತ ತೋಟಾಗಳ ನಡುವೆ ಒಂದೆರಡು ಹುಸಿ ತೋಟಾಗಳನ್ನು ಬೆರೆಸಿ ತುಂಬುತ್ತಾನೆ. ಹುಸಿ ತೋಟಾದ ಸರದಿ ಬಂದಾಗ ಬಂದೂಕು ಸಿಡಿಯದಿದ್ದರೂ ಕೈ ಬೆಚ್ಚುತ್ತದೆ. ಈ ಪ್ರಯೋಗವನ್ನು ಮನೆಯಲ್ಲಿ ಮಾಡುವಂತಿಲ್ಲ. ಜೀವಂತ ತೋಟಾವನ್ನು ಬೆರೆಸುವ ಯಾವುದೇ ಕ್ರಮ ಡ್ರೈ ಫೈರ್ ಆಗುವುದಿಲ್ಲ.

ಇನ್ನೊಂದು ತತ್ತ್ವ ಫಾಲೋ ಥ್ರೂ, ಅಂದರೆ ಟ್ರಿಗರ್ ಬಿಡುಗಡೆಯಾದ ನಂತರವೂ ಗುರಿಯನ್ನು ಕ್ಷಣಕಾಲ ಹಿಡಿದಿಡುವುದು. ಟ್ರಿಗರ್ ಕದಲಿದ ಕ್ಷಣಕ್ಕೂ ಗುಂಡು ನಳಿಗೆ ದಾಟುವ ಕ್ಷಣಕ್ಕೂ ನಡುವೆ ಅಲ್ಪ ಅಂತರವಿದೆ. ಆಧುನಿಕ ರೈಫಲ್ಲಿನಲ್ಲಿ ಅದು ಅತ್ಯಲ್ಪ. ಕುದುರೆ ಬಿದ್ದು, ಕೇಪು ಸಿಡಿದು, ಕಿಡಿ ಮದ್ದಿಗೆ ತಾಗಿ ಹೊತ್ತಿಕೊಳ್ಳಬೇಕಾದ ಕೇಪಿನ ಕೋವಿಯಲ್ಲಿ ಅದು ಹೆಚ್ಚು. ಹಾಗಾಗಿ ಹಳೆಯ ಕೋವಿಯನ್ನು ಬಳಸುವವನಿಗೆ ಈ ಶಿಸ್ತು ಒಲಿಂಪಿಕ್ ಶೂಟರನಿಗಿಂತಲೂ ಒಂದು ಕೈ ಮಿಗಿಲಾಗಿಯೇ ಬೇಕಾಗುತ್ತದೆ.

ಮನೆಯಲ್ಲಿನ ಅಭ್ಯಾಸ ಕ್ರಮ

ಮನೆಯಲ್ಲಿ ಅಭ್ಯಾಸ ಮಾಡುವವರು ಅನುಸರಿಸುವ ಕ್ರಮ ಎಲ್ಲೆಡೆ ಹೆಚ್ಚುಕಡಿಮೆ ಒಂದೇ ಆಗಿದೆ. ಮೊದಲು ಬಂದೂಕನ್ನು ಬರಿದು ಮಾಡಿ, ಕಣ್ಣಿನಿಂದ ನೋಡಿ, ಬೆರಳಿನಿಂದ ಮುಟ್ಟಿ ಪರೀಕ್ಷಿಸಲಾಗುತ್ತದೆ. ತೋಟಾಗಳನ್ನು ಬೇರೊಂದು ಕೋಣೆಯಲ್ಲಿಟ್ಟು ಬೀಗ ಹಾಕಲಾಗುತ್ತದೆ. ಅಭ್ಯಾಸದ ಕೋಣೆಗೆ ಬಂದ ಮೇಲೆ ಬಂದೂಕನ್ನು ಮತ್ತೊಮ್ಮೆ ಪರೀಕ್ಷಿಸಲಾಗುತ್ತದೆ. ಗುರಿ ಅಂಟಿಸುವ ಗೋಡೆ ಗುಂಡನ್ನು ತಡೆಯಬಲ್ಲ ದಪ್ಪ ಕಲ್ಲು ಅಥವಾ ಇಟ್ಟಿಗೆಯದಾಗಿರಬೇಕು; ಅದರ ಆಚೆ ಜನವಸತಿ ಇರಬಾರದು. ತಟ್ಟಿಗೋಡೆ, ಹಲಗೆಯ ಅಡ್ಡಗೋಡೆ, ಕಿಟಕಿ, ಕನ್ನಡಿ ಮತ್ತು ಟಿವಿ ಪರದೆಗಳು ಇದಕ್ಕೆ ತಕ್ಕವಲ್ಲ. ಮನೆಯಲ್ಲಿ ಮಕ್ಕಳು ಓಡಾಡುವ ಹೊತ್ತು, ಮೊಬೈಲ್ ಕರೆ ಬರುವ ಹೊತ್ತು, ಮದ್ಯ ಸೇವಿಸಿದ ಹೊತ್ತು ಅಭ್ಯಾಸಕ್ಕೆ ಸಲ್ಲದು.

ಅಭ್ಯಾಸದ ಅವಧಿ ಚಿಕ್ಕದಾಗಿದ್ದಷ್ಟೂ ಒಳ್ಳೆಯದು. ಹತ್ತು ಹದಿನೈದು ನಿಮಿಷಗಳ ನಂತರ ತೋಳು ದಣಿದು, ಗಮನ ಸಡಿಲಗೊಂಡು, ತಪ್ಪು ಚಲನೆಯೇ ರೂಢಿಯಾಗತೊಡಗುತ್ತದೆ. ಗುರಿಯ ಗಾತ್ರವನ್ನು ಕೋಣೆಯ ಉದ್ದಕ್ಕೆ ತಕ್ಕಂತೆ ಕುಗ್ಗಿಸಿಕೊಳ್ಳಲಾಗುತ್ತದೆ: 10 ಮೀಟರ್ ಏರ್ ಪಿಸ್ತೂಲ್ ಗುರಿಯ ಹತ್ತು ಅಂಕದ ವೃತ್ತ 11.5 ಮಿಲಿಮೀಟರ್ ವ್ಯಾಸದ್ದು. 5 ಮೀಟರ್ ದೂರದ ಗೋಡೆಯ ಮೇಲೆ ಅದರ ಅರ್ಧದಷ್ಟು ವೃತ್ತ ಬಿಡಿಸಿದರೆ ಕಣ್ಣಿಗೆ ಹೆಚ್ಚುಕಡಿಮೆ ಅಷ್ಟೇ ಕಾಣುತ್ತದೆ. ಗುರಿಯೇ ಇಲ್ಲದ ಬಿಳಿ ಗೋಡೆಗೆ ಮುಖಮಾಡಿ ಅಭ್ಯಾಸ ಮಾಡುವುದೂ ಉಂಟು. ನೋಟವೆಲ್ಲ ಗುರಿಮೊನೆಯ ಮೇಲೆಯೇ ನಿಲ್ಲುವುದರಿಂದ ಆರಂಭದಲ್ಲಿ ಇದೇ ಹೆಚ್ಚು ಫಲಕಾರಿ ಎಂದು ಅನೇಕ ತರಬೇತುದಾರರು ಭಾವಿಸುತ್ತಾರೆ.

ಖಾಲಿ ಅಭ್ಯಾಸದ ಅಪಘಾತಗಳು ಬಹುಪಾಲು ನಡುವೆ ಸಂಭವಿಸುವಂಥವಲ್ಲ, ಮುಗಿದ ನಂತರದವು. ಅಭ್ಯಾಸ ಮುಗಿಸಿ, ಬಂದೂಕಿಗೆ ಮತ್ತೆ ತೋಟಾ ತುಂಬಿಟ್ಟು, ಗೋಡೆಯ ಮೇಲಿನ ಗುರಿ ಕಣ್ಣಿಗೆ ಬಿದ್ದಾಗ ಇನ್ನೊಂದೇ ಸಲ ಎಂದುಕೊಂಡು ಎಳೆಯುವ ಟ್ರಿಗರ್ ಅತ್ಯಂತ ಅಪಾಯಕಾರಿ. ಆದ್ದರಿಂದ ಮುಗಿಯಿತು ಎಂದು ಬಾಯಿಬಿಟ್ಟು ಹೇಳುವುದು, ಗುರಿಯ ಕಾಗದವನ್ನು ತಕ್ಷಣ ಕಿತ್ತಿಡುವುದು, ಬಂದೂಕನ್ನು ಬೀಗದೊಳಗಿಟ್ಟು ಕೋಣೆಯಿಂದ ಹೊರಬರುವುದು ಅಭ್ಯಾಸದ ಅಂಗವೇ ಆಗಿವೆ.

ಬಂದೂಕಿನ ಮೇಲಾಗುವ ಪರಿಣಾಮ

ಎಲ್ಲ ಬಂದೂಕುಗಳೂ ಖಾಲಿ ಎಳೆತವನ್ನು ಸಮಾನವಾಗಿ ತಾಳಿಕೊಳ್ಳುವುದಿಲ್ಲ. ತೋಟಾದ ತಳದ ನಡುವೆ ಫೈರಿಂಗ್ ಪಿನ್ ಬಡಿಯುವ ಆಧುನಿಕ ರೈಫಲ್ ಮತ್ತು ಪಿಸ್ತೂಲುಗಳಿಗೆ ಸಾಮಾನ್ಯವಾಗಿ ಹಾನಿಯಿಲ್ಲ. ಎನ್‌ಸಿಸಿಯಲ್ಲಿ ಬಳಸುವ .22 ರೈಫಲ್ಲಿನ ವಿಷಯ ಬೇರೆ: ಅದರಲ್ಲಿ ಪಿನ್ ತೋಟಾದ ಅಂಚಿಗೆ ಬಡಿಯುತ್ತದೆ, ತೋಟಾ ಇಲ್ಲದಿದ್ದಾಗ ಕೆಲವು ಮಾದರಿಗಳಲ್ಲಿ ನಳಿಗೆಯ ಹಿಂಬಾಯಿಗೇ ಬಡಿದು ಅಲ್ಲಿ ತಗ್ಗು ಮೂಡಬಹುದು. ಹಳೆಯ ಜೋಡುನಳಿಗೆಯ 12 ಬೋರ್ ಬಂದೂಕುಗಳಲ್ಲಿ ಗಡುಸಾಗಿಸಿದ ಪಿನ್ನುಗಳು ಬಡಿತಕ್ಕೆ ಎದುರಾಸರೆ ಇಲ್ಲದೆ ತುಂಡಾಗುವುದುಂಟು. ಇದಕ್ಕೆ ಪರಿಹಾರ ಸ್ನ್ಯಾಪ್ ಕ್ಯಾಪ್ ಎಂಬ ಹುಸಿ ತೋಟಾ. ಅದರ ತಳದಲ್ಲಿ ಸ್ಪ್ರಿಂಗ್ ಅಥವಾ ರಬ್ಬರಿನ ಮೆತ್ತೆ ಇದ್ದು ಪಿನ್ನಿನ ಬಡಿತವನ್ನು ಹೀರಿಕೊಳ್ಳುತ್ತದೆ. ಹಾರಿಸಿದ ಹಳೆಯ ತೋಟಾದ ಚಿಪ್ಪನ್ನೇ ಇದಕ್ಕೆ ಬದಲಾಗಿ ಬಳಸುವ ರೂಢಿ ಹಳ್ಳಿಗಳಲ್ಲಿದೆ. ಮಬ್ಬು ಬೆಳಕಿನಲ್ಲಿ ಖಾಲಿ ಚಿಪ್ಪಿಗೂ ತುಂಬಿದ ತೋಟಾಕ್ಕೂ ವ್ಯತ್ಯಾಸ ತಿಳಿಯದಿರುವುದರಿಂದ ಈ ರೂಢಿಯನ್ನು ಕೈಬಿಡುವುದೇ ಲೇಸು.

ಏರ್ ಗನ್ನುಗಳಲ್ಲಿ ಸ್ಪ್ರಿಂಗ್ ಮಾದರಿಯವು ಖಾಲಿ ಎಳೆತಕ್ಕೆ ಸುತರಾಂ ತಕ್ಕವಲ್ಲ. ಪೆಲ್ಲೆಟ್ ಇಲ್ಲದಿದ್ದರೆ ಮುಂದಿರುವ ಗಾಳಿ ತಡೆಯಿಲ್ಲದೆ ಹೊರಹೋಗಿ, ಒಳಗಿನ ಪಿಸ್ಟನ್ ಕೊಳವೆಯ ತುದಿಗೆ ರಭಸದಿಂದ ಅಪ್ಪಳಿಸುತ್ತದೆ. ಸೀಲು ಹರಿಯುತ್ತದೆ, ಸ್ಪ್ರಿಂಗ್ ಕೆಡುತ್ತದೆ. ಸ್ಪರ್ಧೆಗಳಲ್ಲಿ ಬಳಸುವ ಸಂಕುಚಿತ ಗಾಳಿಯ ರೈಫಲ್ ಹಾಗೂ ಪಿಸ್ತೂಲುಗಳಲ್ಲಿ ಮಾತ್ರ ಗಾಳಿ ಬಿಡದೆ ಟ್ರಿಗರ್ ಅಷ್ಟನ್ನೇ ಕೆಲಸ ಮಾಡಿಸುವ ಡ್ರೈ ಫೈರ್ ವ್ಯವಸ್ಥೆಯನ್ನು ತಯಾರಕರೇ ಒದಗಿಸಿರುತ್ತಾರೆ.

ಕೇಪಿನ ಕೋವಿಯ ವಿಶೇಷ ಸಮಸ್ಯೆ

ತೋಟಾ ಕೋವಿಯನ್ನು ಮುರಿದರೆ ನಳಿಗೆಯ ಮೂಲಕ ಆಕಾಶ ಕಾಣುತ್ತದೆ; ಖಾಲಿಯೋ ಅಲ್ಲವೋ ಎಂಬ ಸಂದೇಹಕ್ಕೆ ಎಡೆಯಿಲ್ಲ. ಕೇಪಿನ ಕೋವಿಯ ನಳಿಗೆ ಹಿಂಬದಿಯಲ್ಲಿ ಮುಚ್ಚಿರುತ್ತದೆ. ಒಳಗೆ ಮದ್ದು, ನಾರು ಅಥವಾ ಬಟ್ಟೆಯ ಬಿರಟೆ ಮತ್ತು ಚರೆ ಇವೆಯೋ ಇಲ್ಲವೋ ಎಂಬುದು ಹೊರಗಿನಿಂದ ಕಾಣುವುದಿಲ್ಲ. ಗದ್ದೆ ಕಾಯಲು ರಾತ್ರಿ ತುಂಬಿದ ಕೋವಿ ಹಾರಿಸುವ ಸಂದರ್ಭ ಬಾರದೆ ಹಾಗೆಯೇ ಮನೆಗೆ ಮರಳುವುದು ಸಾಮಾನ್ಯ. ಬೆಳಗ್ಗೆ ಕೇಪನ್ನಷ್ಟೇ ತೆಗೆದು ಮೂಲೆಗೆ ನಿಲ್ಲಿಸಿದರೆ, ಕೆಲವು ದಿನಗಳ ನಂತರ ಅದನ್ನು ಎತ್ತಿಕೊಳ್ಳುವವನಿಗೆ, ಅದರಲ್ಲೂ ಮನೆಯ ಬೇರೊಬ್ಬ ಸದಸ್ಯನಿಗೆ, ಅದು ಖಾಲಿ ಕೋವಿಯಂತೆಯೇ ಕಾಣುತ್ತದೆ. ಕೇಪು ತೆಗೆದ ಕೋವಿ ಖಾಲಿ ಕೋವಿಯಲ್ಲ.

ಇದನ್ನು ತಿಳಿಯಲು ಇರುವ ಭರವಸೆಯ ಉಪಾಯ ಗಜದ ಗುರುತು. ಕೋವಿ ನಿಶ್ಚಿತವಾಗಿ ಖಾಲಿ ಇರುವಾಗ ಗಜವನ್ನು ನಳಿಗೆಯ ತಳ ಮುಟ್ಟುವವರೆಗೆ ಇಳಿಬಿಟ್ಟು, ನಳಿಗೆಯ ಬಾಯಿಗೆ ಸಮನಾಗಿ ಗಜದ ಮೇಲೆ ಒಂದು ಗೆರೆ ಕೊರೆಯಲಾಗುತ್ತದೆ. ಮುಂದೆ ಯಾವಾಗ ಗಜ ಇಳಿಬಿಟ್ಟರೂ ಆ ಗೆರೆ ಬಾಯಿಗೆ ಸಮನಾಗಿ ಬಂದರೆ ಕೋವಿ ಖಾಲಿ. ಗೆರೆ ಮೇಲೆಯೇ ಉಳಿದರೆ ಒಳಗೆ ಏನೋ ಇದೆ ಎಂದರ್ಥ. ಹೀಗೆ ಗಜ ಇಳಿಸುವಾಗಲೂ ಕೇಪು ಇರಬಾರದು, ಮುಖ ಮತ್ತು ಅಂಗೈ ನಳಿಗೆಯ ಬಾಯಿಗೆ ನೇರವಾಗಿರಬಾರದು. ತುಂಬಿದ ಮದ್ದನ್ನು ಹೊರತೆಗೆಯುವುದು ನುರಿತವರ ಕೆಲಸ.

ಮಳೆಗಾಲದ ತೇವ ಇನ್ನೊಂದು ತೊಡಕು. ಮದ್ದು ಹಸಿಯಾಗಿ, ಕುದುರೆ ಬಿದ್ದು ಕೇಪು ಸಿಡಿದರೂ ಕೋವಿ ತಕ್ಷಣ ಹಾರದೆ, ಕೆಲವು ಕ್ಷಣಗಳ ನಂತರ ಒಮ್ಮೆಲೆ ಹಾರಬಹುದು. ಹುಸಿಯಾದ ಕೋವಿಯನ್ನು ಕೂಡಲೇ ತಿರುಗಿಸಿ ನೋಡದೆ, ಕನಿಷ್ಠ ಒಂದು ನಿಮಿಷವಾದರೂ ಜನರಿಲ್ಲದ ದಿಕ್ಕಿಗೆ ಹಿಡಿದಿರಬೇಕೆಂಬುದು ಇದರಿಂದ ಬಂದ ನಿಯಮ. ತುಂಬುವ ಮುನ್ನ ಖಾಲಿ ಕೋವಿಯ ಮೇಲೆ ಒಂದು ಕೇಪು ಮಾತ್ರ ಸಿಡಿಸಿ ರಂಧ್ರದ ಎಣ್ಣೆ ಮತ್ತು ತೇವವನ್ನು ಒಣಗಿಸುವ ಪದ್ಧತಿಯೂ ಇದೆ. ನಳಿಗೆಯ ಬಾಯಿಯನ್ನು ನೆಲದ ಹುಲ್ಲಿನ ಬಳಿ ಹಿಡಿದರೆ, ರಂಧ್ರ ತೆರವಾಗಿದ್ದಲ್ಲಿ ಹುಲ್ಲು ಅಲುಗುತ್ತದೆ. ಇದು ಬಯಲಿನಲ್ಲಿ ಮಾಡುವ ಕೆಲಸ. ಮನೆಯೊಳಗೆ ಗುರಿ ಅಭ್ಯಾಸಕ್ಕೆಂದು ಕೇಪು ಸಿಡಿಸುವುದು ಡ್ರೈ ಫೈರ್ ಅಲ್ಲ. ಒಳಗೆ ಮರೆತ ಮದ್ದು ಇದ್ದಲ್ಲಿ ಅದು ನೇರ ಗುಂಡೇಟೇ ಆಗುತ್ತದೆ.

ಕೇಪು ಇಲ್ಲದೆ ಕುದುರೆಯನ್ನು ಬರಿಯ ತೊಟ್ಟಿನ ಮೇಲೆ ಪದೇ ಪದೇ ಬೀಳಿಸಿದರೆ ತೊಟ್ಟಿನ ತುದಿ ಅಣಬೆಯಂತೆ ಅಗಲಗೊಂಡು, ಮುಂದೆ ಕೇಪು ಸರಿಯಾಗಿ ಕೂರುವುದಿಲ್ಲ. ಆದ್ದರಿಂದ ನಡುವೆ ದಪ್ಪ ತೊಗಲಿನ ತುಂಡನ್ನು ಇಡಲಾಗುತ್ತದೆ. ತೊಗಲು ಕಣ್ಣಿಗೆ ಕಾಣುತ್ತಿದ್ದಷ್ಟು ಹೊತ್ತು ಅಲ್ಲಿ ಕೇಪು ಇಲ್ಲವೆಂಬ ಗುರುತೂ ಆಗುತ್ತದೆ.

ಉತ್ತರ ಕನ್ನಡದ ಒಳನಾಡು ತಾಲ್ಲೂಕುಗಳಲ್ಲಿ

ಉತ್ತರ ಕನ್ನಡ ಜಿಲ್ಲೆಯ ಜೋಯಿಡಾ, ದಾಂಡೇಲಿ, ಹಳಿಯಾಳ ಮತ್ತು ಮುಂಡಗೋಡ ತಾಲ್ಲೂಕುಗಳು ಘಟ್ಟದ ಕಾಡು ಬಯಲುಸೀಮೆಗೆ ಇಳಿಯುವ ಎಡೆಯಲ್ಲಿವೆ. ಕುಣಬಿ, ಗೌಳಿ, ಸಿದ್ದಿ, ಮರಾಠ ಮೊದಲಾದ ಸಮುದಾಯಗಳು ಇಲ್ಲಿ ಕಾಡಿನ ನಡುವಣ ಹಾಗೂ ಅಂಚಿನ ಹಳ್ಳಿಗಳಲ್ಲಿ ಬೇಸಾಯ ಮಾಡುತ್ತವೆ. ಜೋಯಿಡಾದ ಭತ್ತ ಮತ್ತು ಗೆಡ್ಡೆಗಳಿಗೆ ಕಾಡುಹಂದಿ, ಹಳಿಯಾಳ ಮತ್ತು ಮುಂಡಗೋಡದ ಕಬ್ಬು, ಮೆಕ್ಕೆಜೋಳ ಹಾಗೂ ಭತ್ತಕ್ಕೆ ಹಂದಿಯೊಂದಿಗೆ ಆನೆ ಕೂಡ ಬರುತ್ತವೆ. ಪೈರು ತೆನೆಗಟ್ಟುವ ಕಾಲದಲ್ಲಿ ಅಟ್ಟಣೆಯ ಮೇಲೆ ರಾತ್ರಿ ಕಾವಲು ಕೂರುವುದು ಈ ಭಾಗದ ಬೇಸಾಯದ ಒಂದು ಕೆಲಸವೇ ಆಗಿದೆ. ಕೂಗು, ಡಬ್ಬ, ಪಟಾಕಿಗಳ ಜೊತೆಗೆ ಪರವಾನಗಿ ಕೋವಿಯೂ ಅಲ್ಲಿರುತ್ತದೆ. ಬಹುಮಟ್ಟಿಗೆ ಅದರ ಉಪಯೋಗ ಸದ್ದು ಮಾಡಿ ಪ್ರಾಣಿಗಳನ್ನು ಅಟ್ಟುವುದಕ್ಕೆ.

ಈ ಪ್ರದೇಶದ ಹೆಚ್ಚಿನ ಕಾಡು ಸಂರಕ್ಷಿತವಾಗಿದೆ. ದಾಂಡೇಲಿ ವನ್ಯಜೀವಿ ಅಭಯಾರಣ್ಯ 1956ರಲ್ಲಿ ಘೋಷಣೆಯಾಯಿತು. ಅದು ಅಣಶಿ ರಾಷ್ಟ್ರೀಯ ಉದ್ಯಾನದೊಡನೆ ಸೇರಿ 2007ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಯಿತು. 2015ರಲ್ಲಿ ಕಾಳಿ ಹುಲಿ ಸಂರಕ್ಷಿತ ಪ್ರದೇಶ ಎಂಬ ಹೆಸರು ಪಡೆಯಿತು. ಮುಂಡಗೋಡ ತಾಲ್ಲೂಕಿನಲ್ಲಿ ಅತ್ತಿವೇರಿ ಪಕ್ಷಿಧಾಮವಿದೆ. ವನ್ಯಜೀವಿ ಸಂರಕ್ಷಣಾ ಕಾಯ್ದೆ 1972ರ 34ನೇ ಕಲಮಿನ ಪ್ರಕಾರ ಅಭಯಾರಣ್ಯದೊಳಗೆ ಅಥವಾ ಅದರಿಂದ 10 ಕಿಲೋಮೀಟರ್ ಒಳಗೆ ವಾಸಿಸುವ ಶಸ್ತ್ರ ಪರವಾನಗಿದಾರರು ವನ್ಯಜೀವಿ ಅಧಿಕಾರಿಗಳಲ್ಲಿ ಹೆಸರು ನೋಂದಾಯಿಸಬೇಕು. ಆ ಪರಿಧಿಯಲ್ಲಿ ಹೊಸ ಪರವಾನಗಿ ನೀಡಲು ಮುಖ್ಯ ವನ್ಯಜೀವಿ ಪರಿಪಾಲಕರ ಪೂರ್ವಸಮ್ಮತಿ ಬೇಕು. 31ನೇ ಕಲಮು ಲಿಖಿತ ಅನುಮತಿಯಿಲ್ಲದೆ ಶಸ್ತ್ರದೊಡನೆ ಅಭಯಾರಣ್ಯ ಪ್ರವೇಶಿಸುವುದನ್ನು ನಿಷೇಧಿಸುತ್ತದೆ. ಜೋಯಿಡಾ ಮತ್ತು ದಾಂಡೇಲಿಯ ಅನೇಕ ಹಳ್ಳಿಗಳು ಈ ಪರಿಧಿಯೊಳಗೆ ಬರುತ್ತವೆ.

ಇದರ ಪರಿಣಾಮವಾಗಿ ಇಲ್ಲಿನ ಪರವಾನಗಿದಾರನು ವಿಚಿತ್ರ ಸ್ಥಿತಿಯಲ್ಲಿದ್ದಾನೆ. ಕೋವಿ ಇಟ್ಟುಕೊಳ್ಳಲು ಅವನಿಗೆ ಹಕ್ಕಿದೆ, ಆದರೆ ಅದನ್ನು ಹಾರಿಸಿ ಕಲಿಯಲು ಊರ ಸುತ್ತಲಿನ ಕಾಡು ಅವನಿಗೆ ತೆರೆದಿಲ್ಲ. ಬೆಳೆ ರಕ್ಷಣೆಯ ಪರವಾನಗಿ ಬೇಟೆಯ ಅನುಮತಿಯೂ ಅಲ್ಲ, ಗುರಿ ಅಭ್ಯಾಸದ ಅನುಮತಿಯೂ ಅಲ್ಲ. ವರ್ಷದಲ್ಲಿ ಕೆಲವೇ ರಾತ್ರಿಗಳಲ್ಲಿ, ಅದೂ ಕತ್ತಲೆಯಲ್ಲಿ, ನಿದ್ದೆಗಣ್ಣಿನಲ್ಲಿ, ಆಚೆಯ ಗದ್ದೆಯಲ್ಲಿ ಇನ್ನೊಬ್ಬ ಕಾವಲುಗಾರನಿರುವಾಗ ಅವನು ಅದನ್ನು ಎತ್ತುತ್ತಾನೆ. ಕೋವಿಯ ಬಾಯಿಯನ್ನು ಯಾವಾಗಲೂ ಸುರಕ್ಷಿತ ದಿಕ್ಕಿಗೆ ಹಿಡಿಯುವುದು, ಹಾರಿಸುವವರೆಗೆ ಬೆರಳನ್ನು ಟ್ರಿಗರಿನಿಂದ ಹೊರಗಿಡುವುದು, ಅಟ್ಟಣೆ ಹತ್ತಿಳಿಯುವಾಗ ಕೋವಿಯನ್ನು ತುಂಬದೆ ಇರುವುದು ಇವನ್ನೆಲ್ಲ ರೂಢಿ ಮಾಡಿಕೊಳ್ಳಲು ಹಗಲು ಹೊತ್ತಿನ ಖಾಲಿ ಅಭ್ಯಾಸ ಒಂದೇ ದಾರಿ. ಈ ಬಳಕೆದಾರನಿಗೆ ಡ್ರೈ ಫೈರಿನ ಪ್ರಯೋಜನ ಗುರಿ ಹೆಚ್ಚು ನಿಖರವಾಗುವುದಲ್ಲ, ಕೈ ಎಡವದಿರುವುದು.

ಚುನಾವಣೆಗಳು ಘೋಷಣೆಯಾದಾಗ ಜಿಲ್ಲಾಡಳಿತದ ಆದೇಶದಂತೆ ಪರವಾನಗಿ ಕೋವಿಗಳನ್ನು ಪೊಲೀಸ್ ಠಾಣೆಯಲ್ಲಿ ಠೇವಣಿ ಇಡಿಸಿಕೊಳ್ಳುವ ಪದ್ಧತಿಯಿದೆ. ಬೆಳೆ ಕಾಯುವ ಕಾಲಕ್ಕೆ ಕೋವಿ ಇಲ್ಲದಂತಾಗುತ್ತದೆ ಎಂದು ಕರಾವಳಿ ಮತ್ತು ಮಲೆನಾಡಿನ ಕೃಷಿಕರು ಇದಕ್ಕೆ ಆಕ್ಷೇಪ ಎತ್ತುತ್ತ ಬಂದಿದ್ದಾರೆ. ಅಭ್ಯಾಸದ ದೃಷ್ಟಿಯಿಂದ ಗಮನಿಸಬೇಕಾದುದೆಂದರೆ, ತಿಂಗಳುಗಟ್ಟಲೆ ಬೇರೆಡೆ ಇದ್ದು ಮರಳಿದ ಕೋವಿಯನ್ನು ಹೊಸ ಕೋವಿಯಂತೆಯೇ ಪರೀಕ್ಷಿಸಬೇಕು: ನಳಿಗೆಯಲ್ಲಿ ತುಕ್ಕು, ಕಣಜದ ಗೂಡು, ತುಂಬಿಯೇ ಉಳಿದ ಮದ್ದು ಯಾವುದೂ ಇರಬಹುದು.

ಕಾನೂನು

ಭಾರತದ ಶಸ್ತ್ರಾಸ್ತ್ರ ಕಾಯ್ದೆ 1959ರಲ್ಲಿ ಡ್ರೈ ಫೈರ್ ಎಂಬ ಪ್ರಸ್ತಾಪವಿಲ್ಲ. ಪರವಾನಗಿ ಹೊಂದಿದವನು ತನ್ನ ಮನೆಯಲ್ಲಿ ಖಾಲಿ ಬಂದೂಕನ್ನು ಹಿಡಿದು ಅಭ್ಯಾಸ ಮಾಡುವುದಕ್ಕೆ ಪ್ರತ್ಯೇಕ ಅನುಮತಿಯ ವ್ಯವಸ್ಥೆಯೂ ಅದರಲ್ಲಿಲ್ಲ. ಆದರೆ ಸುತ್ತಲಿನ ನಿಯಮಗಳು ಅನ್ವಯಿಸುತ್ತವೆ. 3ನೇ ಕಲಮಿನಂತೆ ಪರವಾನಗಿಯಿಲ್ಲದವನು ಪರವಾನಗಿದಾರನ ಸಮ್ಮುಖದಲ್ಲಿ ಅಥವಾ ಅವನ ಲಿಖಿತ ಅಧಿಕಾರದೊಡನೆ, ದುರಸ್ತಿ, ನವೀಕರಣ ಅಥವಾ ಪರವಾನಗಿದಾರನ ಬಳಕೆಗಾಗಿ ಮಾತ್ರ ಬಂದೂಕನ್ನು ಒಯ್ಯಬಹುದು. ತಂದೆಯ ಕೋವಿಯಲ್ಲಿ ಮಗನು ತಾನಾಗಿ ಅಭ್ಯಾಸ ಮಾಡುವುದಕ್ಕೆ ಇದರಲ್ಲಿ ಎಡೆಯಿಲ್ಲ. ಪರವಾನಗಿ ಪಡೆಯಲು 21 ವರ್ಷ ತುಂಬಿರಬೇಕು. ಅದಕ್ಕಿಂತ ಚಿಕ್ಕವರು ನಿಯಮಗಳು ಹೇಳುವ ಷರತ್ತುಗಳೊಳಗೆ ತರಬೇತಿಗಾಗಿ ಬಂದೂಕು ಬಳಸಬಹುದು. 13ನೇ ಕಲಮು ಬೆಳೆ ರಕ್ಷಣೆಗೆ ಬಾಯಿಯಿಂದ ತುಂಬುವ ಬಂದೂಕನ್ನೂ, ರಕ್ಷಣೆ ಅಥವಾ ಕ್ರೀಡೆಗೆ 20 ಇಂಚಿಗೆ ಕಡಿಮೆಯಿಲ್ಲದ ನಯನಳಿಗೆಯ ಬಂದೂಕನ್ನೂ ಹೆಸರಿಸುತ್ತದೆ. ಕಾಡಂಚಿನ ಮನೆಗಳಲ್ಲಿ ಕೇಪಿನ ಕೋವಿ ಇಂದಿಗೂ ಉಳಿದುಬಂದಿರುವುದಕ್ಕೆ ಈ ಕಲಮು ಒಂದು ಮುಖ್ಯ ಕಾರಣ.

2016ರ ಶಸ್ತ್ರಾಸ್ತ್ರ ನಿಯಮಗಳು ಸುರಕ್ಷತಾ ತರಬೇತಿಯನ್ನೂ ಸುರಕ್ಷಿತ ಸಂಗ್ರಹಣೆಯನ್ನೂ ಪರವಾನಗಿ ವ್ಯವಸ್ಥೆಯ ಭಾಗವಾಗಿಸಿವೆ. 2019ರ ತಿದ್ದುಪಡಿಯು ಒಬ್ಬ ವ್ಯಕ್ತಿ ಹೊಂದಬಹುದಾದ ಬಂದೂಕುಗಳ ಮಿತಿಯನ್ನು ಮೂರರಿಂದ ಎರಡಕ್ಕೆ ಇಳಿಸಿತು, ಪರವಾನಗಿಯ ಅವಧಿಯನ್ನು ಮೂರರಿಂದ ಐದು ವರ್ಷಕ್ಕೆ ಏರಿಸಿತು. ಇತರರ ಜೀವಕ್ಕೆ ಅಪಾಯವಾಗುವಂತೆ ನಿರ್ಲಕ್ಷ್ಯದಿಂದ ಅಥವಾ ಸಂಭ್ರಮಾಚರಣೆಗಾಗಿ ಬಂದೂಕು ಬಳಸಿದರೆ ಎರಡು ವರ್ಷಗಳವರೆಗೆ ಸೆರೆವಾಸ ಅಥವಾ 1 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡನ್ನೂ ಇದೇ ತಿದ್ದುಪಡಿ ವಿಧಿಸುತ್ತದೆ. ಖಾಲಿ ಎಂದುಕೊಂಡಿದ್ದೆ ಎಂಬ ಸಮಜಾಯಿಷಿ ನಿರ್ಲಕ್ಷ್ಯವನ್ನು ಅಳಿಸುವುದಿಲ್ಲ.

ಕೊಡಗಿನಲ್ಲಿ

ಕೊಡಗಿನಲ್ಲಿ ಪರಿಸ್ಥಿತಿ ಭಿನ್ನ. ಕೊಡವರಿಗೂ ಜಮ್ಮಾ ಭೂಮಿ ಹಿಡುವಳಿದಾರರಿಗೂ ಬ್ರಿಟಿಷರ ಕಾಲದಿಂದ ಪರವಾನಗಿ ವಿನಾಯಿತಿ ಇದೆ. ಕೇಂದ್ರ ಸರ್ಕಾರ 2019ರಲ್ಲಿ ಇದನ್ನು 2029ರವರೆಗೆ ವಿಸ್ತರಿಸಿತು. 2021ರಲ್ಲಿ ಕರ್ನಾಟಕ ಹೈಕೋರ್ಟ್ ಈ ವಿನಾಯಿತಿಯನ್ನು ಎತ್ತಿಹಿಡಿಯಿತು. ಗಂಡುಮಗು ಹುಟ್ಟಿದಾಗ ಒಂದು ಗುಂಡು, ಸಾವಿನಲ್ಲಿ ಎರಡು ಗುಂಡು ಹಾರಿಸುವ ಪದ್ಧತಿ, ಸೆಪ್ಟೆಂಬರಿನ ಕೈಲ್ ಪೊಳ್ದ್ ಹಬ್ಬದಲ್ಲಿ ಆಯುಧಗಳನ್ನು ಪೂಜಿಸಿ, ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ, ಇವೆಲ್ಲ ಕೋವಿಯನ್ನು ಮನೆತನದ ವಸ್ತುವಾಗಿಸಿವೆ. ತೋಕ್ ಎಂದು ಕರೆಯುವ ಕೋವಿಯ ನಿರ್ವಹಣೆಯನ್ನು ಕಿರಿಯರು ಹಿರಿಯರ ಕಣ್ಣೆದುರಿಗೇ ಕಲಿಯುವುದು ಇಲ್ಲಿನ ವಾಡಿಕೆ. ಹಬ್ಬದ ಸ್ಪರ್ಧೆಗಳೂ ಅಭ್ಯಾಸಕ್ಕೆ ಸಾರ್ವಜನಿಕ ಸಂದರ್ಭ ಒದಗಿಸುತ್ತವೆ. ಉತ್ತರ ಕನ್ನಡದ ಬೆಳೆ ಕಾವಲುಗಾರನಿಗೆ ಇಂತಹ ಅವಕಾಶಗಳಿಲ್ಲ.

ಕ್ರೀಡೆಯಲ್ಲಿ

ಕ್ರೀಡಾ ಶೂಟಿಂಗ್‌ನಲ್ಲಿ ಖಾಲಿ ಅಭ್ಯಾಸವು ದಿನಚರಿಯ ಭಾಗ. 10 ಮೀಟರ್ ಏರ್ ರೈಫಲ್ ಗುರಿಯ ಹತ್ತು ಅಂಕದ ಚುಕ್ಕೆ ಕೇವಲ 0.5 ಮಿಲಿಮೀಟರ್ ಅಗಲದ್ದು. ಏರ್ ಪಿಸ್ತೂಲಿನ ಟ್ರಿಗರ್ ಕನಿಷ್ಠ 500 ಗ್ರಾಂ ತೂಕಕ್ಕೆ ಬಿಡುಗಡೆಯಾಗುವಂತಿರಬೇಕು. ಈ ಮಟ್ಟದಲ್ಲಿ ಬೆರಳಿನ ಸಣ್ಣ ಎಳೆತವೂ ಅಂಕವನ್ನು ಬದಲಿಸುತ್ತದೆ. ರಷ್ಯಾದ ಸ್ಕ್ಯಾಟ್ ಎಂಬ ಉಪಕರಣವನ್ನು ನಳಿಗೆಗೆ ಜೋಡಿಸಿದರೆ ಗುಂಡಿಲ್ಲದೆಯೇ ಗುರಿಯ ಮೇಲೆ ನಳಿಗೆ ಓಡಾಡಿದ ಜಾಡನ್ನು ಕಂಪ್ಯೂಟರ್ ಪರದೆಯಲ್ಲಿ ಕಾಣಬಹುದು. ತೋಟಾದ ಜಾಗದಲ್ಲಿ ಕೂರುವ ಲೇಸರ್ ಸಾಧನಗಳೂ ಮಾರುಕಟ್ಟೆಯಲ್ಲಿವೆ.

ಬೀಜಿಂಗ್‌ನಲ್ಲಿ 2008ರಲ್ಲಿ ಚಿನ್ನ ಗೆದ್ದ ಅಭಿನವ್ ಬಿಂದ್ರಾ ಅವರ ಮನೆಯಲ್ಲೇ ಶೂಟಿಂಗ್ ರೇಂಜ್ ಇದ್ದುದು ಪ್ರಸಿದ್ಧ. ಅಂತಹ ಸೌಲಭ್ಯವಿಲ್ಲದವರಿಗೆ ಮನೆಯ ಖಾಲಿ ಗೋಡೆಯೇ ರೇಂಜ್. 2020ರ ಲಾಕ್‌ಡೌನ್ ಕಾಲದಲ್ಲಿ ರೇಂಜುಗಳು ಮುಚ್ಚಿದಾಗ ದೇಶದ ಪ್ರಮುಖ ಶೂಟರ್‌ಗಳೂ ಮನೆಯೊಳಗಿನ ಅಭ್ಯಾಸಕ್ಕೆ ಮೊರೆಹೋದರು; ಮಾಜಿ ಶೂಟರ್ ಶಿಮೋನ್ ಷರೀಫ್ ಆ ವರ್ಷದ ಏಪ್ರಿಲ್‌ನಲ್ಲಿ, ಸ್ಪರ್ಧಿಗಳು ತಮ್ಮ ತಮ್ಮ ಮನೆಗಳಿಂದಲೇ ಭಾಗವಹಿಸುವ ಆನ್‌ಲೈನ್ ಸ್ಪರ್ಧೆಯನ್ನು ಏರ್ಪಡಿಸಿದರು. ಕರ್ನಾಟಕದ ಶೂಟರ್‌ಗಳಲ್ಲಿ ಬೆಂಗಳೂರಿನ ಪ್ರಕಾಶ್ ನಂಜಪ್ಪ 2014ರ ಗ್ಲಾಸ್ಗೋ ಕಾಮನ್‌ವೆಲ್ತ್ ಕ್ರೀಡಾಕೂಟದ 10 ಮೀಟರ್ ಏರ್ ಪಿಸ್ತೂಲ್‌ನಲ್ಲಿ ಬೆಳ್ಳಿ ಗೆದ್ದು, 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಭಾಗವಹಿಸಿದರು. ಬೆಳಗಾವಿಗೆ ನೆರೆಯ ಕೊಲ್ಹಾಪುರ ಜಿಲ್ಲೆಯ ಸ್ವಪ್ನಿಲ್ ಕುಸಾಳೆ 2024ರ ಪ್ಯಾರಿಸ್ ಒಲಿಂಪಿಕ್ಸ್‌ನ 50 ಮೀಟರ್ ರೈಫಲ್ ತ್ರೀ ಪೊಸಿಷನ್ಸ್‌ನಲ್ಲಿ ಕಂಚು ಪಡೆದರು.

ಕ್ರೀಡೆಗೆ ಪ್ರವೇಶಿಸುವ ಹಳ್ಳಿಯ ಮಕ್ಕಳಿಗೆ ಸುಲಭದ ದಾರಿ ಏರ್ ರೈಫಲ್. 2016ರ ನಿಯಮಗಳಂತೆ 4.5 ಮಿಲಿಮೀಟರ್ ನಳಿಗೆಯ, 20 ಜೂಲ್ ಮೀರದ ಶಕ್ತಿಯ ಏರ್ ಗನ್ನಿಗೆ ಪರವಾನಗಿ ಬೇಕಿಲ್ಲ. ಪರವಾನಗಿ ಬೇಡವೆಂದ ಮಾತ್ರಕ್ಕೆ ಅದು ಆಟಿಕೆಯಲ್ಲ. ಪೆಲ್ಲೆಟ್ ಕಣ್ಣನ್ನು ಕಳೆಯಬಲ್ಲದು, ಅದರಿಂದ ಹಕ್ಕಿ ಹೊಡೆಯುವುದು ವನ್ಯಜೀವಿ ಕಾಯ್ದೆಯ ಅಪರಾಧವೂ ಆಗಬಹುದು.

ಮಿತಿಗಳು

ಖಾಲಿ ಅಭ್ಯಾಸ ಒದೆತವನ್ನು ತಾಳಿಕೊಳ್ಳುವುದನ್ನಾಗಲಿ, ಎರಡನೆಯ ಹೊಡೆತಕ್ಕೆ ಗುರಿಯನ್ನು ಮರಳಿ ಹಿಡಿಯುವುದನ್ನಾಗಲಿ ಕಲಿಸುವುದಿಲ್ಲ. ಗುಂಡು ಎಲ್ಲಿ ಬಿತ್ತೆಂಬ ಸಾಕ್ಷ್ಯವಿಲ್ಲದ ಕಾರಣ, ತಪ್ಪು ನಿಲುವನ್ನೇ ನೂರಾರು ಸಲ ಪುನರಾವರ್ತಿಸಿ ಗಟ್ಟಿ ಮಾಡಿಕೊಳ್ಳುವ ಸಾಧ್ಯತೆಯೂ ಇದೆ. ಆಗಾಗ್ಗೆ ಬಲ್ಲವರೊಬ್ಬರು ಪಕ್ಕದಲ್ಲಿ ನಿಂತು ನೋಡುವುದು ಅಗತ್ಯ. ಚಲಿಸುವ ಗುರಿ, ಕತ್ತಲೆ ಮತ್ತು ದಣಿವಿನ ನಡುವೆ ಹೊಡೆಯಬೇಕೋ ಬೇಡವೋ ಎಂದು ನಿರ್ಧರಿಸುವುದನ್ನು ಗೋಡೆಯ ಮೇಲಿನ ಚುಕ್ಕೆ ಕಲಿಸಲಾರದು. ಗದ್ದೆಯ ಅಂಚಿನಲ್ಲಿ ಅಲುಗಿದ್ದು ಹಂದಿಯೋ ಮನುಷ್ಯನೋ ಎಂದು ಟಾರ್ಚಿನ ಬೆಳಕಿನಲ್ಲಿ ಗುರುತಿಸುವ ಮುನ್ನ ಕೋವಿಯನ್ನು ಭುಜಕ್ಕೇರಿಸಬಾರದೆಂಬ ನಿಯಮವನ್ನು ಕಾವಲಿಗೆ ಹೋಗುವವರು ಬೇರೆಯಾಗಿಯೇ ಕಲಿಯಬೇಕಾಗುತ್ತದೆ.